ತಾತನ ಪಿಸ್ತೂಲೂ ಅವ್ವನ ಹುಣಸೆಹಣ್ಣೂ

ಮೊನ್ನೆ ನಮ್ಮ ಮನೆಯಲ್ಲಿ ಒಂದು ತವಾ ತೀರಿಕೊಂಡಿತು. ಸೊಸೆ ಆಸೆಪಟ್ಟು ತಂದಿದ್ದ ನಾನ್‌ಸ್ಟಿಕ್ ತವಾ. ಅದಕ್ಕೆ ಮರದ ಸೌಟು ಬಿಟ್ಟರೆ ಬೇರೇನೂ ತಾಗಬಾರದು, ಹುಳಿ ಬೀಳಬಾರದು, ಜೋರಾಗಿ ಉಜ್ಜಬಾರದು. ಒಟ್ಟಿನಲ್ಲಿ ಮನೆಗೆ ಬಂದ ಹೊಸ ಅಳಿಯನಿಗಿಂತ ಒಂದು ಕೈ ಹೆಚ್ಚು ಉಪಚಾರ. ಪಾತ್ರೆ ತೊಳೆಯುವ ಮಂಜುಳ, ಪಾಪ, ಇಷ್ಟು ಕರ್ರಗಿರುವುದನ್ನು ಹಾಗೇ ಬಿಡುವುದಾದರೂ ಹೇಗೆ ಎಂದು ಸ್ಟೀಲಿನ ನಾರು ಹಿಡಿದು ಕೂತುಬಿಟ್ಟಿದ್ದಾಳೆ. ಸೊಸೆ ಆಫೀಸಿನಿಂದ ಬಂದು ನೋಡಿದರೆ ತವಾದ ನಡುಮಧ್ಯೆ ಬಿಳಿ ಲೋಹ ಹೊಳೆಯುತ್ತಿದೆ. ಮಂಜುಳ ಪಕ್ಕದಲ್ಲೇ ಶಹಬಾಸ್‌ಗಿರಿಗೆ ಕಾಯುತ್ತ ನಿಂತಿದ್ದಾಳೆ. ಸೊಸೆ ಅಳುವುದೊಂದು ಬಾಕಿ ಇತ್ತು, ಅಷ್ಟರಲ್ಲಿ ನಾನು ನಕ್ಕುಬಿಟ್ಟೆ.

ಅತ್ತೆಯಾದವಳು ಅಂಥ ಹೊತ್ತಿನಲ್ಲಿ ನಗಬಾರದು, ಒಪ್ಪುತ್ತೇನೆ. ಆ ಸಂಜೆ ನನಗೆ ಕಾಫಿ ಸ್ವಲ್ಪ ತಡವಾಗಿಯೇ ಬಂತು. ಆದರೆ ನಾನು ನಕ್ಕದ್ದು ತವಾ ನೋಡಿ ಅಲ್ಲ. ಐವತ್ತರ ದಶಕದಲ್ಲಿ ನಮ್ಮವ್ವ ಇದೇ ಕೆಲಸ ಮಾಡಿದ್ದಳು. ತವಾಕ್ಕಲ್ಲ, ಪಿಸ್ತೂಲಿಗೆ.

ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು ನಮ್ಮೂರು. ತಾತ, ಅಂದರೆ ಅಪ್ಪನ ಅಪ್ಪ, ಅರಿಶಿನ ಬೆಳೆಯುವುದರ ಜೊತೆಗೆ ಸುತ್ತಲ ಹಳ್ಳಿಗಳ ಅರಿಶಿನ ಕೊಂಡು ಚಾಮರಾಜನಗರಕ್ಕೆ ಸಾಗಿಸುವ ವ್ಯಾಪಾರವನ್ನೂ ಮಾಡುತ್ತಿದ್ದರು. ಕಾಡಂಚಿನ ದಾರಿಯಲ್ಲಿ ಗಾಡಿಯ ಮೇಲೆ ಓಡಾಡುವವರು ಎಂದು ಅವರಿಗೆ ಪಿಸ್ತೂಲಿನ ಲೈಸೆನ್ಸು ಸಿಕ್ಕಿತ್ತು. ನೀಲಗಿರಿಯ ಎಸ್ಟೇಟೊಂದರ ದೊರೆ ಸೀಮೆಗೆ ವಾಪಸು ಹೊರಟಾಗ ಅವನಿಂದ ಕೊಂಡದ್ದಂತೆ. ಅದು ಆರು ಗುಂಡಿನ ರಿವಾಲ್ವರು. ನಮ್ಮ ಮನೆಯಲ್ಲಿ ಅಷ್ಟು ಉದ್ದ ಕರೆಯುವ ವ್ಯವಧಾನ ಯಾರಿಗೂ ಇರಲಿಲ್ಲ, ಪಿಸ್ತೂಲು ಎಂದರೆ ಮುಗಿಯಿತು. ಅದು ಗುಂಡು ಹಾರಿಸಿದ್ದನ್ನು ನಾನಂತೂ ಕೇಳಿಲ್ಲ. ತಾತ ಅದನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಗಾಡಿ ಹತ್ತಿದರೆ ಎತ್ತುಗಳೂ ಸ್ವಲ್ಪ ನೆಟ್ಟಗೆ ನಡೆಯುತ್ತಿದ್ದವು ಎಂದು ನಾನು ಶಾಲೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ. ಗುಂಡು ಹಾರದಿದ್ದರೂ ಪಿಸ್ತೂಲಿನ ಕೆಲಸ ನಡೆದೇ ಇತ್ತು ಎಂಬುದಕ್ಕೆ ಇದು ಸಾಕ್ಷಿ.

ಆ ಪಿಸ್ತೂಲಿನ ಬಣ್ಣವನ್ನು ಹೇಳಬೇಕು. ಬರಿದೇ ನೋಡಿದರೆ ಕಪ್ಪು. ತಾತ ಅದನ್ನು ಜಗಲಿಯ ಬಿಸಿಲಿಗೆ ಹಿಡಿದು ಮೆಲ್ಲಗೆ ತಿರುಗಿಸಿದರೆ ಒಳಗಿನಿಂದ ನೀಲಿ ಎದ್ದು ಬರುತ್ತಿತ್ತು, ಮತ್ತೆ ಮುಳುಗುತ್ತಿತ್ತು. ನವಿಲಿನ ಕತ್ತು ಎನ್ನುತ್ತಿದ್ದರು ತಾತ. ನಮ್ಮೂರ ಹೊಲಗಳಲ್ಲಿ ನವಿಲಿಗೇನೂ ಬರವಿರಲಿಲ್ಲ. ಆದರೂ ಜಗಲಿಗೆ ಬಂದ ನೆಂಟರಿಗೆಲ್ಲ ಅವರು ಈ ನವಿಲನ್ನೇ ತೋರಿಸುತ್ತಿದ್ದರು. ಗುಂಡುಗಳ ಡಬ್ಬಿ ಯಾವಾಗಲೂ ಅವರ ದಿಂಬಿನ ಹತ್ತಿರ, ಅವರದೇ ಬೀಗದಲ್ಲಿ. ಖಾಲಿ ಪಿಸ್ತೂಲು ಮಾತ್ರ ಅಡುಗೆಮನೆಗೆ ಹೊಂದಿಕೊಂಡ ಕೋಣೆಯ ದೊಡ್ಡ ಪೆಟ್ಟಿಗೆಯಲ್ಲಿ, ಒಡವೆ ಮತ್ತು ರೇಷ್ಮೆ ಸೀರೆಗಳ ಜೊತೆ ಮಲಗಿರುತ್ತಿತ್ತು.

ಆ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೆರಗಿನ ತುದಿಯಲ್ಲಿರುತ್ತಿತ್ತು. ಅಜ್ಜಿ ತೀರಿಕೊಂಡ ಮೇಲೆ ಅದು ಅವ್ವನ ಸೆರಗಿಗೆ ಬಂತು. ಅವ್ವನ ತವರೂರು ಉಡಿಗಾಲ, ಹೆಸರು ಮಾದೇವಮ್ಮ. ಬೀಗದ ಕೈ ಬಂದ ದಿನದಿಂದ ಅವಳ ನಡಿಗೆಯೇ ಬದಲಾಯಿತು ಎಂದು ಪಕ್ಕದ ಮನೆಯ ಪುಟ್ಟಮ್ಮತ್ತೆ ನಗುತ್ತಿದ್ದಳು. ನಗಲಿ. ಹೊಸಿಲು ದಾಟಿ ಬಂದವಳಿಗೆ ಆ ಮನೆ ನಿಜವಾಗಿ ತನ್ನದಾಗುವುದು ಬೀಗದ ಕೈ ಕೈಗೆ ಬಂದಾಗಲೇ. ನನಗೆ ಈಗಲೂ ಹಾಗೇ ಅನ್ನಿಸುತ್ತದೆ.

ಇನ್ನೊಂದು ಪದ್ಧತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಮ್ಮಲ್ಲಿ ಮಾವ ಸೊಸೆ ನೇರವಾಗಿ ಮಾತಾಡುತ್ತಿರಲಿಲ್ಲ. ತಾತನಿಗೆ ಅವ್ವನೊಡನೆ ಏನು ಹೇಳಬೇಕಿದ್ದರೂ ನನ್ನ ಮುಖಾಂತರ. ಅವ್ವ ಎದುರಿಗೇ ಬಾಗಿಲ ಮರೆಯಲ್ಲಿ ನಿಂತಿದ್ದರೂ, ಬಿಸಿನೀರು ಬೇಕೆಂದು ನಿಮ್ಮವ್ವನಿಗೆ ಹೇಳು ಎನ್ನುವರು. ಅವ್ವ ಅದನ್ನು ಕೇಳಿಸಿಕೊಂಡು, ಕಾದಿದೆಯೆಂದು ನಿಮ್ಮ ತಾತನಿಗೆ ಹೇಳು ಎನ್ನುವಳು. ನಾನು ನಡುವೆ ನಿಂತು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮುಖ ತಿರುಗಿಸಿದರೆ ಸಾಕು, ಟಪಾಲು ಮುಟ್ಟಿದ ಹಾಗೆ. ಎಂಟು ವರ್ಷದ ಹುಡುಗಿಗೆ ಮನೆಯಲ್ಲಿ ಅಷ್ಟು ದೊಡ್ಡ ಹುದ್ದೆ ಸಿಕ್ಕಿದ್ದರಿಂದಲೋ ಏನೋ, ಮುಂದೆ ನನಗೆ ಬೇರೆ ಯಾವ ಹುದ್ದೆಯೂ ರುಚಿಸಲಿಲ್ಲ.

ಆಯುಧಪೂಜೆಗೆ ಮನೆಯ ಕಬ್ಬಿಣವೆಲ್ಲ ಹೊರಗೆ ಬರುತ್ತದೆ. ಕುಡುಗೋಲು, ಮಚ್ಚು, ನೇಗಿಲಿನ ಗುಳ, ಈಳಿಗೆಮಣೆ, ತಕ್ಕಡಿ. ಎಲ್ಲವನ್ನೂ ಹೆಂಗಸರು ಬೆಳಗಿ, ಗಂಡಸರು ಪೂಜೆಯ ಮಣೆಯ ಮೇಲೆ ಜೋಡಿಸುವುದು. ಪಿಸ್ತೂಲನ್ನು ಮಾತ್ರ ಪ್ರತಿವರ್ಷ ತಾತನೇ ಎಣ್ಣೆಬಟ್ಟೆಯಲ್ಲಿ ಒರೆಸಿ ಇಡುತ್ತಿದ್ದರು. ಆ ವರ್ಷ ತಾತ ಚಾಮರಾಜನಗರಕ್ಕೆ ಹೋದವರು ಹಬ್ಬದ ದಿನ ಮಧ್ಯಾಹ್ನಕ್ಕೆ ಬರುವುದಿತ್ತು. ಅವ್ವನಿಗೆ ಬೀಗದ ಕೈ ಬಂದ ಮೇಲಿನ ಮೊದಲ ಹಬ್ಬ. ಪೆಟ್ಟಿಗೆ ತೆಗೆದು ನೋಡಿದಳು. ಅಡುಗೆಮನೆಯ ಹೊಗೆ ಆ ಕೋಣೆಯ ತೊಲೆಯಿಂದ ಹಿಡಿದು ದೇವರ ಪಟದವರೆಗೆ ಎಲ್ಲವನ್ನೂ ಕಪ್ಪು ಮಾಡಿತ್ತು, ಪಿಸ್ತೂಲನ್ನೂ ಬಿಟ್ಟಿಲ್ಲ ಎಂದುಕೊಂಡಳು. ಮನೆಯ ಮುರುಕು ಕುಡುಗೋಲೂ ಫಳಫಳ ಅನ್ನುವಾಗ ಮಾವನವರು ಅಷ್ಟು ಮರ್ಯಾದೆಯಿಂದ ಇಟ್ಟುಕೊಂಡ ವಸ್ತು ಮಸಿ ಹಿಡಿದು ಕೂರುವುದೇ?

ಬಾವಿಕಟ್ಟೆಯ ಮೇಲೆ ಹುಣಸೆಹಣ್ಣು ಕಿವುಚಿ, ಇಟ್ಟಿಗೆ ಪುಡಿ ಸೇರಿಸಿ, ಅವ್ವ ಪಿಸ್ತೂಲು ಬೆಳಗಲು ಕೂತಳು. ಕಪ್ಪು ನೀರು ಹರಿಯಿತು. ಅವ್ವನ ಹುಮ್ಮಸ್ಸು ಏರಿತು. ಮೂಲೆಮೂಲೆಗೂ ತೆಂಗಿನ ನಾರು ತೂರಿಸಿ ಉಜ್ಜಿದಳು. ಬಿಸಿಲೇರುವ ಹೊತ್ತಿಗೆ ಪಿಸ್ತೂಲು ಬೆಳ್ಳಿಯ ಪಂಚಪಾತ್ರೆಯಂತೆ ಹೊಳೆಯುತ್ತಿತ್ತು. ಪುಟ್ಟಮ್ಮತ್ತೆ ನೋಡಲು ಬಂದಳು, ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಬಂದರು. ಒಳಗೆ ಇಷ್ಟು ಬಿಳುಪು ಅಡಗಿತ್ತೇ ಎಂದು ಎಲ್ಲರಿಗೂ ಸೋಜಿಗ. ಅಷ್ಟು ದಿನ ಇದನ್ನು ಕೊಳಕಾಗಿ ಇಟ್ಟಿದ್ದ ಗಂಡಸರ ಬಗ್ಗೆ ಅಲ್ಲೇ ಒಂದು ಸಣ್ಣ ಸಭೆಯೂ ನಡೆಯಿತು. ಅವ್ವ ತನ್ನ ಕೈಯಿಂದಲೇ ಅದಕ್ಕೆ ವಿಭೂತಿ ಬಳಿದು, ಕುಂಕುಮವಿಟ್ಟು, ಮೇಲೊಂದು ಸೇವಂತಿಗೆ ಸಿಕ್ಕಿಸಿದಳು.

ತಾತ ಬಂದರು. ಕಾಲು ತೊಳೆದು ಒಳಗೆ ಬಂದು ಪೂಜೆಯ ಮಣೆಯ ಮುಂದೆ ನಿಂತರು. ಸೇವಂತಿಗೆಯನ್ನು ಪಕ್ಕಕ್ಕೆ ಸರಿಸಿ ಪಿಸ್ತೂಲಿನ ಮೇಲೆ ಬೆರಳಾಡಿಸಿದರು. ಆಮೇಲೆ ಏನೂ ಆಗದವರಂತೆ ಪೂಜೆ ಮಾಡಿದರು, ಬೂದುಗುಂಬಳ ಒಡೆದರು, ಊಟಕ್ಕೂ ಕೂತರು. ಕೈ ತೊಳೆದ ಮೇಲೆ ನನ್ನನ್ನು ಕರೆದರು.

"ಅದು ಮಸಿ ಅಲ್ಲ ಕಣಮ್ಮಿ. ಅದು ಪಿಸ್ತೂಲಿನ ಚರ್ಮ" ಎಂದರು. ಆಮೇಲೆ, "ಪೆಟ್ಗೆ ಬೀಗದ ಕೈ ಇಸ್ಕಬಾ ಓಗು" ಎಂದರು.

ಅವ್ವ ಬಾಗಿಲ ಮರೆಯಲ್ಲೇ ಇದ್ದಳು. ನಾನು ತಿರುಗಿ ನೋಡುವಷ್ಟರಲ್ಲಿ ಸೆರಗಿನ ಗಂಟು ಬಿಚ್ಚುತ್ತಿದ್ದಳು. ಗಂಟು ಬಿಗಿಯಾಗಿತ್ತು, ಬಿಚ್ಚಲು ಬಹಳ ಹೊತ್ತು ಹಿಡಿಯಿತು. ನಾನು ಬೀಗದ ಕೈಯನ್ನು ಹತ್ತು ಹೆಜ್ಜೆ ಹೊತ್ತೊಯ್ದು ತಾತನಿಗೆ ಕೊಟ್ಟೆ. ಹುದ್ದೆಯ ಭಾರ ನನಗೆ ತಿಳಿದದ್ದು ಅವತ್ತು. ಬೈದಿದ್ದರೆ ಅವ್ವ ಅತ್ತು ಹಗುರಾಗುತ್ತಿದ್ದಳು. ತಾತ ಬೈಯಲಿಲ್ಲ. ಅಂದಿನಿಂದ ರೇಷ್ಮೆ ಸೀರೆ ಬೇಕಾದರೂ ಅವ್ವ ನನ್ನ ಮುಖಾಂತರ ಪೆಟ್ಟಿಗೆ ತೆಗೆಸಿಕೊಳ್ಳಬೇಕಾಯಿತು. ಅಂಥ ಸಂದರ್ಭ ಬಂದರೆ ಅವಳು ನೂಲಿನ ಸೀರೆಯನ್ನೇ ಉಟ್ಟುಕೊಂಡು ಹೋಗುತ್ತಿದ್ದಳು. ಅಪ್ಪ ಹೊಲದ ಮನುಷ್ಯ, ಇದರಲ್ಲಿ ಬಾಯಿ ಹಾಕಲಿಲ್ಲ.

ಹಿಂಗಾರು ಮಳೆ ಹಿಡಿಯಿತು. ಬೆಳ್ಳಗಾದ ಪಿಸ್ತೂಲಿನ ಮೇಲೆ ಮೊದಲು ಚುಕ್ಕೆ, ಆಮೇಲೆ ಕೆಂಪು ಮಚ್ಚೆ. ತಾತ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದಷ್ಟೂ ತುಕ್ಕು ಬೇರೆ ಕಡೆ ಏಳುತ್ತಿತ್ತು. ಯುಗಾದಿಯ ಆಸುಪಾಸಿನಲ್ಲಿ ಲೈಸೆನ್ಸಿನವರೆಲ್ಲ ತಮ್ಮ ಕೋವಿ, ಪಿಸ್ತೂಲುಗಳನ್ನು ಗುಂಡ್ಲುಪೇಟೆಯ ತಾಲ್ಲೂಕು ಕಚೇರಿಯಲ್ಲಿ ಅಮಲ್ದಾರರಿಗೆ ತೋರಿಸಬೇಕು. ಅಷ್ಟು ಜನರ ಮುಂದೆ ತುಕ್ಕು ತಿಂದ ಪಿಸ್ತೂಲು ಬಿಚ್ಚುವುದು ಹೇಗೆಂದು ತಾತ ಸೊರಗಿದರು. ಚಾಮರಾಜನಗರಕ್ಕೆ ಹೋಗಿ, ಅಲ್ಲಿಂದ ರೈಲು ಹತ್ತಿ ಮೈಸೂರಿನ ಕೋವಿ ಅಂಗಡಿಗೂ ತೋರಿಸಿ ಬಂದರು. ಮದರಾಸಿಗೆ ಕಳಿಸಬೇಕು, ಯಾವಾಗ ಬರುತ್ತದೋ ಹೇಳಲಾಗದು ಎಂದನಂತೆ ಅಂಗಡಿಯವನು. ಪಿಸ್ತೂಲನ್ನು ಪರರ ಕೈಯಲ್ಲಿ ಬಿಟ್ಟು ಬರಲು ತಾತನಿಗೆ ಮನಸ್ಸಾಗಲಿಲ್ಲ, ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ವಾಪಸು ತಂದರು.

ಆದರೆ ಅಂಗಡಿಯವನು ಹೇಳಿದ ಒಂದು ಮಾತನ್ನು ಅವರು ಜಗಲಿಯಲ್ಲಿ ಮತ್ತೆ ಮತ್ತೆ ಹೇಳಿದರು. "ಆ ನೀಲಿನೂ ಒಂತರಾ ತುಕ್ಕೇ ಅಂತೆ ಕಣಮ್ಮಿ. ಪಳಗಿದ ತುಕ್ಕು. ಕೆಂಪು ತುಕ್ಕು ತಿಂತದಂತೆ, ಕರೀ ತುಕ್ಕು ಕಾಯ್ತದಂತೆ." ಇದನ್ನು ಅವ್ವನಿಗೆ ಹೇಳು ಎಂದು ಅವರೇನೂ ಹೇಳಲಿಲ್ಲ. ಟಪಾಲಿನವಳಿಗೆ ಅಭ್ಯಾಸಬಲ ನೋಡಿ, ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, ಇನ್ನೊಮ್ಮೆ ಹೇಳಿಸಿಕೊಂಡಳು.

ಸಂಕ್ರಾಂತಿ ಕಳೆದ ಮೇಲೆ ಅರಿಶಿನ ಬೇಯಿಸುವ ಕಾಲ. ಕಣದಲ್ಲಿ ಒಲೆ ತೋಡಿ, ದೊಡ್ಡ ಕೊಪ್ಪರಿಗೆಯಲ್ಲಿ ಅಗೆದ ಕೊಂಬುಗಳನ್ನು ಸುರಿದು, ನೀರು ಕುದಿಸುತ್ತಾರೆ. ಊರೆಲ್ಲ ಆ ಘಾಟು. ನಮಗೆ ಮಕ್ಕಳಿಗೆ ಮೂಗಿನ ತುದಿಯಿಂದ ಲಂಗದ ಅಂಚಿನವರೆಗೂ ಹಳದಿ, ಎಲ್ಲರೂ ಮದುವಣಗಿತ್ತಿಯರೇ. ಆ ವರ್ಷ ಕೊಂಬಿನ ರಾಶಿಯೊಳಗೆ ಯಾರೋ ಮರೆತ ಹಳೆಯ ಕುಡುಗೋಲೊಂದು ಸೇರಿಹೋಗಿತ್ತು. ಹೊಲದಲ್ಲಿ ಬಿದ್ದು ಮಳೆ ಕುಡಿದು ಪೂರಾ ಕೆಂಪಾದದ್ದು. ಕೊಂಬುಗಳ ಜೊತೆ ಅದೂ ಚೆನ್ನಾಗಿ ಬೆಂದು ಹೊರಗೆ ಬಂತು. ಎಲ್ಲರೂ ನಕ್ಕರು. ಅವ್ವ ನಗಲಿಲ್ಲ. ಅವಳು ಅದನ್ನು ಕೈಗೆತ್ತಿಕೊಂಡು ನೋಡುತ್ತಲೇ ಇದ್ದಳು. ಕೆಂಪಿದ್ದ ಕುಡುಗೋಲು ಕಪ್ಪಾಗಿತ್ತು. ಹೆಬ್ಬೆರಳಿನಿಂದ ಉಜ್ಜಿದಳು, ಸೆರಗಿನಿಂದ ಉಜ್ಜಿದಳು. ಮೇಲಿನ ಪುಡಿ ಉದುರಿತು, ಅಡಿಯ ಕಪ್ಪು ಕದಲಲಿಲ್ಲ.

ಆಮೇಲಿನ ಕೆಲವು ದಿನ ಅವ್ವನ ತಲೆ ಕೆಟ್ಟಿದೆ ಎಂದೇ ಪುಟ್ಟಮ್ಮತ್ತೆ ತಿಳಿದಳು. ಬೆಳಗಿ ಬೆಳ್ಳಗಿದ್ದ ಇನ್ನೊಂದು ಕುಡುಗೋಲಿಗೆ ಉಪ್ಪುನೀರು ಸವರಿ ನೀರಿನ ಕೊಡಗಳ ಪಕ್ಕ ಒದ್ದೆ ಬಟ್ಟೆಯಡಿ ಇಟ್ಟು, ಬೇಕೆಂದೇ ತುಕ್ಕು ಹಿಡಿಸಿದಳು. ಹೊಸ ಮಡಕೆಯಲ್ಲಿ, ಹಿಡಿದಿಟ್ಟಿದ್ದ ಮಳೆನೀರು ಕಾಯಿಸಿ ಬೇಯಿಸಿದಳು. ತೆಂಗಿನ ನಾರಿನಿಂದ ಹಗುರಾಗಿ ಒರೆಸಿ, ಮತ್ತೆ ತುಕ್ಕು ಹಿಡಿಸಿದಳು. ಎಣ್ಣೆ ತಾಗಿದ ಕಡೆ ತುಕ್ಕು ಸರಿಯಾಗಿ ಹಿಡಿಯದು ಎಂದು ಕಂಡುಕೊಂಡ ದಿನ, ತಲೆಗೆ ಎಣ್ಣೆ ಸುರಿದು ಎರಡು ಜಡೆ ಹಾಕಿದ್ದ ನನ್ನನ್ನು ಅಡುಗೆಮನೆಯಿಂದ ಆಚೆ ಹಾಕಿದಳು. ಕಡೆಗೊಂದು ಬೆಳಿಗ್ಗೆ ಕುಡುಗೋಲನ್ನು ನನ್ನ ಕೈಗಿಟ್ಟಳು.

"ತಾತಂಗೆ ತೋರ್ಸು. ಪಿಸ್ತೂಲ ಕೊಡಾದಾದ್ರೆ ಅವ್ವ ಇಂಗೇ ಮಾಡ್ತಾಳಂತೆ ಅನ್ನು. ಕೆಟ್ಟೋದ್ರೆ ನಾನು ಉಡಿಗಾಲಕ್ಕೆ ಒಂಟೋಯ್ತಿನಿ, ಅದ್ನೂ ಯೋಳು."

ಕೊನೆಯ ಮಾತನ್ನು ನಾನು ಹೇಳಲಿಲ್ಲ. ಅವ್ವ ಹೊರಟುಹೋದರೆ ನನ್ನ ಗತಿ ಏನು? ಆದರೆ ಬಾಗಿಲು ಅಷ್ಟೇನೂ ದೂರವಿರಲಿಲ್ಲ, ತಾತನಿಗೆ ಕೇಳಿಸಿರಲೇಬೇಕು. ಅವರು ಕುಡುಗೋಲನ್ನು ಬಿಸಿಲಿಗೆ ಹಿಡಿದರು. ಉಗುರಿನಲ್ಲಿ ಗೀರಿದರು, ಮೂಸಿಯೂ ನೋಡಿದರು. ಪಿಸ್ತೂಲನ್ನೂ ಬೇಯಿಸಬೇಕಂತಾಳಾ ಎಂದು ಕೇಳಿದರು. ನಾನು ಹೂಂ ಎಂದೆ. ಮಾರನೆಯ ಬೆಳಿಗ್ಗೆ ಜಗಲಿಯಲ್ಲಿ ಬಿಳಿ ಪಂಚೆ ಹಾಸಿಕೊಂಡು, ತಾತ ತಾವೇ ಪಿಸ್ತೂಲಿನ ತಿರುಪುಗಳನ್ನು ಬಿಚ್ಚಿದರು. ಮರದ ಹಿಡಿ, ಸ್ಪ್ರಿಂಗು ಎಲ್ಲ ತೆಗೆದಿಟ್ಟುಕೊಂಡು, ನಳಿಗೆಯ ಎರಡು ಬಾಯಿಗೂ ಮರದ ಬೆಣೆ ಬಡಿದು, ಬರೀ ಕಬ್ಬಿಣದ ಮೈಯನ್ನು ಮೊರದಲ್ಲಿಟ್ಟು ಒಳಗೆ ಕಳಿಸಿದರು.

ಅವ್ವ ಅದಕ್ಕೆ ಸೀಗೆಪುಡಿ ಹಾಕಿ ಸ್ನಾನ ಮಾಡಿಸಿದಳು. ಹಳೆಯ ತುಕ್ಕನ್ನೆಲ್ಲ ತೆಗೆದು, ಹೊಸ ತುಕ್ಕನ್ನು ಕರೆದಳು. ಮೊದಲ ಸಲ ಬೆಂದು ಬಂದಾಗ ಮೈತುಂಬ ಪಟ್ಟೆ, ಒಂದು ಕಡೆ ಕಪ್ಪು, ಒಂದು ಕಡೆ ಬೂದಿ. ತಾತ ಬಾಗಿಲ ತನಕ ಬಂದು ನೋಡಿ, ಹೊಲದ ಕಡೆ ನಡೆದರು. ಅವ್ವನ ಕೈ ನಿಲ್ಲಲಿಲ್ಲ. ಮತ್ತೆ ಉಪ್ಪುನೀರು, ಮತ್ತೆ ಒದ್ದೆ ಬಟ್ಟೆ, ಮತ್ತೆ ಮಡಕೆ. ಪ್ರತಿ ಸಲವೂ ಪಟ್ಟೆಗಳು ಒಂದಿಷ್ಟು ಕೂಡಿಕೊಂಡವು. ಆ ದಿನಗಳಲ್ಲಿ ನಮ್ಮ ಮನೆಯ ಸಾರಿಗೆ ಉಪ್ಪು ಒಮ್ಮೆ ಹೆಚ್ಚು, ಒಮ್ಮೆ ಇಲ್ಲವೇ ಇಲ್ಲ. ಉಪ್ಪಿನ ಗಮನವೆಲ್ಲ ಪಿಸ್ತೂಲಿನ ಮೇಲಿತ್ತು. ಇನ್ನು ಸಾಕು ಎನ್ನಿಸಿದ ದಿನ ಅವ್ವ ಬಿಸಿಯಾಗಿರುವಾಗಲೇ ಅದಕ್ಕೆ ಹರಳೆಣ್ಣೆ ಬಳಿದು, ಒರೆಸಿ, ಮೊರದಲ್ಲಿಟ್ಟು ಜಗಲಿಗೆ ಕಳಿಸಿದಳು.

ನವಿಲಿನ ಕತ್ತು ಮರಳಿ ಬರಲಿಲ್ಲ, ನಿಜವನ್ನೇ ಹೇಳಬೇಕು. ಇದು ಬೇರೆ ಬಣ್ಣ. ಮಾಗಿದ ನೇರಳೆ ಹಣ್ಣಿನ ಕಪ್ಪು. ಹೊಳಪು ಕಡಿಮೆ, ಗಾಂಭೀರ್ಯ ಹೆಚ್ಚು. ತಾತ ಅದನ್ನು ಜೋಡಿಸಿ ತಿರುಗಿಸಿ ನೋಡಿದರು. ಅವ್ವ ಬಾಗಿಲ ಮರೆಯಲ್ಲಿ ನಿಂತಿದ್ದಳು. ತಾತ ಪಿಸ್ತೂಲನ್ನು ಪಂಚೆಯಲ್ಲಿ ಸುತ್ತಿ ಎದ್ದುಹೋದರು. ಬೀಗದ ಕೈಯ ಸುದ್ದಿ ಎತ್ತಲಿಲ್ಲ. ಅವ್ವ ಆ ರಾತ್ರಿ ಊಟಕ್ಕೆ ಕೂರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅದರ ಮೇಲೆ ಒಂದು ಚುಕ್ಕೆ ತುಕ್ಕೂ ಏಳಲಿಲ್ಲ. ತಾತ ತೀರಿಕೊಂಡ ಮೇಲೆ ಅಪ್ಪ ಅದನ್ನು ಠಾಣೆಗೆ ಒಪ್ಪಿಸಿದಾಗಲೂ ಅವ್ವನ ಕಪ್ಪು ಹಾಗೆಯೇ ಇತ್ತು. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ. ನಮ್ಮವ್ವನ ಕೆಲಸದ ಬಗ್ಗೆ ನೀವು ಒಂದು ಗಳಿಗೆಯೂ ಅನುಮಾನದಲ್ಲಿರುವುದು ನನಗೆ ಇಷ್ಟವಿಲ್ಲ.

ಯುಗಾದಿಯ ಹಿಂದಿನ ವಾರ ತಾತ ಗುಂಡ್ಲುಪೇಟೆಗೆ ಹೊರಟರು, ಬೆಲ್ಲದ ಮಿಠಾಯಿಯ ಆಸೆಗೆ ನಾನೂ ಗಾಡಿ ಹತ್ತಿದೆ. ಕಚೇರಿಯ ಮುಂದೆ ಹೊಂಗೆ ಮರದಡಿ ಲೈಸೆನ್ಸಿನವರೆಲ್ಲ ಸಾಲಾಗಿ ನಿಂತಿದ್ದರು. ಒಬ್ಬೊಬ್ಬರೂ ತಮ್ಮ ಕೋವಿಯನ್ನು ಮೇಜಿನ ಮೇಲಿಡುವುದು, ಅಮಲ್ದಾರರು ನೋಡಿ ಸಹಿ ಹಾಕುವುದು. ತಾತ ಪಂಚೆ ಬಿಚ್ಚಿ ಪಿಸ್ತೂಲು ಇಟ್ಟರು. ಅಮಲ್ದಾರರು ಪೆನ್ನು ಕೆಳಗಿಟ್ಟು ಅದನ್ನು ಎತ್ತಿಕೊಂಡರು. ಅವರಿಗೆ ಬೇಟೆಯ ಹವ್ಯಾಸವಿತ್ತಂತೆ, ಕೋವಿಗಳ ವಿಚಾರ ಗೊತ್ತಿದ್ದವರು. ಕೈಬೆರಳಿನಿಂದ ಮೈಯೆಲ್ಲ ಸವರಿದರು.

"ಬಣ್ಣ ಹೊಸದಾಗಿ ಹಾಕಿಸಿದ್ದೀರಲ್ಲ ಸಾವ್ಕಾರ್ರೇ. ಬಹಳ ಚೆನ್ನಾಗಿ ಕೂತಿದೆ. ಮದರಾಸಿನಲ್ಲಿ ಮಾಡಿಸಿದ್ರಾ?"

ಸಾಲಿನವರೆಲ್ಲ ಇಣುಕಿದರು. ತಾತ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮದರಾಸು ಎಂದರೆ ಅವರ ಘನತೆಯೂ ಏರುತ್ತಿತ್ತು. ಅವರು ಹೆಗಲ ಮೇಲಿನ ವಲ್ಲಿಯನ್ನು ಸರಿಮಾಡಿಕೊಂಡರು.

"ಮದರಾಸಲ್ಲ ಸ್ವಾಮಿ, ನಮ್ಮನೇಲಿ. ನಮ್ಮ ಸೊಸೆ ಮಾದೇವಮ್ಮ ಅಂತ, ಉಡಿಗಾಲದ ಮಗಳು. ಅವಳ ಕೈಕೆಲ್ಸ."

ತಾತನ ಬಾಯಲ್ಲಿ ಅವ್ವನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಅವರಿಗೆ ಆ ಹೆಸರು ಗೊತ್ತಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನನ್ನ ಎದೆ ಎಷ್ಟು ಉಬ್ಬಿತೆಂದರೆ ಮಿಠಾಯಿ ಕೇಳುವುದನ್ನೇ ಮರೆತೆ. ಆ ಹೆಮ್ಮೆ ಇವತ್ತಿಗೂ ಇಳಿದಿಲ್ಲ. ಗಾಡಿ ಹತ್ತಿದ ಮೇಲೆ ತಾತ, ಕಚೇರಿಯಲ್ಲಿ ಆಡಿದ್ದನ್ನೆಲ್ಲ ಮನೆಯಲ್ಲಿ ಹೇಳಬೇಡ ಎಂದರು. ನನ್ನ ಹುದ್ದೆಯ ಇತಿಹಾಸದಲ್ಲಿ ಅಂಥ ಅಪ್ಪಣೆ ಅದೊಂದೇ. ಗಾಡಿ ನಿಲ್ಲುವ ಮೊದಲೇ ಹಾರಿ ಇಳಿದು, ಒಂದೇ ಉಸಿರಿಗೆ ಅಡುಗೆಮನೆಗೆ ಓಡಿ, ಎಲ್ಲವನ್ನೂ ಹೇಳಿದೆ.

ಅವ್ವ ಒಲೆಯ ಮುಂದೆ ಕೂತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದಾಯಿತು. ತಾತ ಹೊಸಿಲಿನ ಆಚೆ ನಿಂತಿದ್ದರು. ನಾನು ರೂಢಿಯಂತೆ ಇಬ್ಬರ ನಡುವೆ ಹೋಗಿ ನಿಂತು, ಸಂದೇಶಕ್ಕೆ ಕಾದೆ. ತಾತ ನನ್ನ ಕಡೆ ನೋಡಲಿಲ್ಲ.

"ತಗವ್ವಾ" ಎಂದರು. "ಬೀಗದ ಕೈ ನಿನ್ ತಾವೇ ಇರ್ಲಿ."

ಅವ್ವ ಎದ್ದು ಬಂದು, ತಲೆ ತಗ್ಗಿಸಿ, ಸೆರಗೊಡ್ಡಿದಳು. ಬೀಗದ ಕೈ ಅದರಲ್ಲಿ ಬಿತ್ತು. ತಾತ ಜಗಲಿಗೆ ಹೋದ ಮೇಲೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಸೆರಗಿಗೆ ಬಿಗಿಯಾಗಿ ಗಂಟು ಹಾಕುತ್ತ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದಳು.

"ಅಲ್ಲಿ ಏನಂದ್ರು ಅಂದೆ? ಇನ್ನೊಂದ್ಸತಿ ಯೋಳಮ್ಮಿ."

ನಾನು ಹೇಳಿದೆ. ಅವಳ ಹೆಸರು ಬರುವ ಕಡೆ ಸ್ವಲ್ಪ ಜೋರಾಗಿಯೇ ಹೇಳಿದೆ. ಅವ್ವ ಕೇಳಿಸಿಕೊಂಡು, ಗಂಟು ಸರಿಯಾಗಿಲ್ಲವೆಂದು ಬಿಚ್ಚಿ, ಮತ್ತೆ ಹಾಕತೊಡಗಿ, ಇನ್ನೂ ಒಂದು ಸಲ ಹೇಳಿಸಿದಳು.